ಬೂಷ್ಟಿಗೊಂದು ಕಾಲಂ ಇಲ್ಲ

ಮುದಗಲ್ ಅಂದ ಕೂಡಲೇ ಇತಿಹಾಸ ಓದಿದವರಿಗೆ ನೆನಪಾಗೋದು ಯುದ್ಧ. ಕೃಷ್ಣಾ-ತುಂಗಭದ್ರಾ ನಡುವಿನ ರಾಯಚೂರು ದೋಆಬಿಗಾಗಿ ಬಹಮನಿಗಳು, ವಿಜಯನಗರದವರು, ಆಮೇಲೆ ಬಿಜಾಪುರದ ಆದಿಲ್‌ಶಾಹಿಗಳು ತಲೆಮಾರುಗಟ್ಟಲೆ ಬಡಿದಾಡಿದರು. ಮುದಗಲ್ಲಿನ ಅಕ್ಕಸಾಲಿಗನ ಮಗಳಿಗಾಗಿ 1406ರಲ್ಲಿ ಒಂದು ಯುದ್ಧವೇ ನಡೆಯಿತು ಅಂತ ಫೆರಿಷ್ತಾ ಬರೆದಿಟ್ಟಿದ್ದಾನೆ. ಕೋಟೆ, ಕಂದಕ, ಮೊಹರಂ ಇವುಗಳ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ನಾನು ಇವತ್ತು ಬರೆಯಹೊರಟಿರೋದು ಯಾರೂ ಕತ್ತಿ ಹಿರಿಯದ ಇನ್ನೊಂದು ಇತಿಹಾಸ. ಮನೆಯಲ್ಲಿ ತುಂಬಿಟ್ಟ ನೀರು ಕುಡಿಯೋಕೆ ಸರಿ ಇದೆಯಾ ಅಂತ ನಮ್ಮ ಜನ ಹೇಗೆ ನೋಡುತ್ತಾ ಬಂದರು ಅನ್ನೋದು. ಸ್ವಲ್ಪ ಉದ್ದವಾಗಬಹುದು, ಚಹಾ ಇಟ್ಟುಕೊಂಡು ಓದಿ :-)

ದೋಆಬ್ ಅಂದರೆ ಎರಡು ನೀರಿನ ನಡುವಿನ ನೆಲ. ಹೆಸರಿನಲ್ಲೇ ಎರಡು ನೀರಿದ್ದರೂ ನಮ್ಮ ಮನೆಗಳ ಹರವಿಯಲ್ಲಿ ಇರೋದು ಲೆಕ್ಕ ಹಾಕಿ ಬಳಸೋ ನೀರು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಆದಮೇಲೆ ಎಡದಂಡೆ ಕಾಲುವೆ ಸಿಂಧನೂರು ಕಡೆಯನ್ನು ಭತ್ತದ ನಾಡು ಮಾಡಿತು. ಲಿಂಗಸೂಗೂರು ಕಡೆಗೆ ಕಾಲುವೆ ಬಂದಿದ್ದು ಬಹಳ ತಡವಾಗಿ, ನಾರಾಯಣಪುರದ ಬಸವಸಾಗರದಿಂದ. ಆದರೆ ಕಾಲುವೆ ಹೊಲಕ್ಕೆ. ಕುಡಿಯೋಕೆ ಹಿಂದೆ ಬಾವಿ, ಕೆರೆ, ಹಳ್ಳದ ವರತೆ, ಈಗ ಬೋರು ಮತ್ತು ನಳ. ನಳದ ನೀರು ದಿನಾಲೂ ಬರೋದಿಲ್ಲ. ಬಂದ ದಿನ ಹಂಡೆ, ಕೊಡ, ಡ್ರಮ್ಮು, ಮಾಳಿಗೆ ಮೇಲಿನ ಪ್ಲಾಸ್ಟಿಕ್ ಟ್ಯಾಂಕು ಎಲ್ಲಾ ತುಂಬಿಸಿಕೊಳ್ಳಬೇಕು. ಹರಿಯೋ ನೀರಿಗಿಂತ ನಿಂತ ನೀರೇ ನಮ್ಮ ನೀರು. ನಿಂತಲ್ಲಿ ಪಾಚಿ, ಲೋಳೆ, ಬೂಷ್ಟು ಬರುತ್ತವೆ. ಈ ಲೇಖನದ ವಿಷಯ ಆ ಮೂರನೆಯದು.

ಇದರ ಹಿಂದೆ ಬಿದ್ದಿದ್ದಕ್ಕೆ ಕಾರಣ ನಮ್ಮ ದೊಡ್ಡಪ್ಪ. ಅವರಿಗೆ ಕಿಡ್ನಿ ಕಸಿ ಆಯಿತು. ಬೇರೆಯವರ ಕಿಡ್ನಿಯನ್ನು ದೇಹ ಒದ್ದು ಹೊರಹಾಕಬಾರದು ಅಂತ ರೋಗನಿರೋಧಕ ಶಕ್ತಿಯನ್ನೇ ತಗ್ಗಿಸುವ ಗುಳಿಗೆಗಳನ್ನು ಜೀವನಪೂರ್ತಿ ನುಂಗಬೇಕು. ನಮಗೆ ನಿಮಗೆ ಏನೂ ಮಾಡದ ಬೂಷ್ಟು ಅಂಥವರ ಶ್ವಾಸಕೋಶದಲ್ಲಿ ಬೇರು ಬಿಡಬಹುದು. ಊರಿಗೆ ಕಳಿಸುವಾಗ ಡಾಕ್ಟರು ಕೊಟ್ಟ ಪಟ್ಟಿಯಲ್ಲಿ "ಮನೆ ನೀರು ಪರೀಕ್ಷೆ ಮಾಡಿಸಿ" ಅಂತಲೂ ಇತ್ತು. ಮಾಡಿಸಿದೆವು. ವರದಿ ಬಂತು: ಫ್ಲೋರೈಡ್ ಇಷ್ಟು, ನೈಟ್ರೇಟ್ ಇಷ್ಟು, ಗಡಸುತನ ಇಷ್ಟು, ಕೋಲಿಫಾರ್ಮ್ ಇಲ್ಲ, ಇ. ಕೋಲಿ ಇಲ್ಲ. ಕೊನೆಗೆ "ಕುಡಿಯಲು ಯೋಗ್ಯ". ದೊಡ್ಡಪ್ಪ ಕನ್ನಡಕ ಏರಿಸಿಕೊಂಡು ಎರಡು ಸಲ ಓದಿ ಕೇಳಿದರು: "ತಮ್ಮಾ, ಟ್ಯಾಂಕಿನ ಮುಚ್ಚಳದಾಗ ಕರ್ರಗ ಕುಂತೈತಲ್ಲ, ಆ ಬೂಷ್ಟು ಇದರಾಗ ಎಲ್ಲೈತಿ?"

ಎಲ್ಲೂ ಇರಲಿಲ್ಲ. ಇದೆ ಅಂತಲೂ ಬರೆದಿರಲಿಲ್ಲ, ಇಲ್ಲ ಅಂತಲೂ ಬರೆದಿರಲಿಲ್ಲ. ಅದಕ್ಕೊಂದು ಕಾಲಂ ಇರಲಿಲ್ಲ. ಯಾಕಿಲ್ಲ ಅನ್ನೋದಕ್ಕೆ ಉತ್ತರ ಹುಡುಕುತ್ತಾ ಹೋದರೆ ಅದು ಇತಿಹಾಸದಲ್ಲಿ ಸಿಗುತ್ತೆ.

ನೀರು ನೋಡುವ ಅತಿ ಹಳೆಯ ಸಾಧನ ಅರಿವೆ. ಬಟ್ಟೆಯಲ್ಲಿ ಸೋಸಿದ ನೀರನ್ನೇ ಕುಡಿಯಬೇಕು ಅಂತ ಮನುಸ್ಮೃತಿಯ ಆರನೇ ಅಧ್ಯಾಯ ಸನ್ಯಾಸಿಗಳಿಗೆ ಹೇಳುತ್ತೆ. ಜೈನರಲ್ಲಿ ನೀರು ಸೋಸೋದು ಅಹಿಂಸೆಯ ಭಾಗ. ನೀರಿನಲ್ಲಿರುವ ಜೀವ ಸಾಯಬಾರದು ಅಂತ. ಕಾರಣ ಏನೇ ಇರಲಿ, ಕೊಡದ ಬಾಯಿಗೆ ಬಿಗಿದ ಬಿಳಿ ಅರಿವೆ ಒಂದು ಪರೀಕ್ಷೆಯೂ ಆಗಿತ್ತು. ನೀರು ಇಳಿದಮೇಲೆ ಅರಿವೆ ಮೇಲೆ ಏನು ಉಳಿಯಿತು ಅಂತ ಹೆಂಗಸರು ನೋಡುತ್ತಿದ್ದರು. ಕಸವೋ, ಹುಳವೋ, ಪಾಚಿಯೋ... ಕಣ್ಣಿಗೆ ಕಂಡಿದ್ದಕ್ಕೆ ಉತ್ತರ ಅಲ್ಲೇ ಸಿಗುತ್ತಿತ್ತು.

ಈ ಅರಿವೆಗೆ ನಮ್ಮ ಜಿಲ್ಲೆಯಲ್ಲಿ ದೊಡ್ಡ ಕೆಲಸ ಇತ್ತು. ಈಗಿನವರಿಗೆ ಹೆಸರೂ ಗೊತ್ತಿರಲಿಕ್ಕಿಲ್ಲ, ನಾರುಹುಣ್ಣು. ನಮ್ಮ ಅಜ್ಜಿಯ ಮೀನಖಂಡದ ಮೇಲೆ ಒಂದು ಹಳೇ ಕಲೆ ಇತ್ತು, ಕೇಳಿದರೆ "ನಾರು ಹೊಂಟಿತ್ತಪಾ" ಅನ್ನುತ್ತಿದ್ದಳು. ಕಾಲಿನಲ್ಲಿ ಬೊಕ್ಕೆ ಎದ್ದು, ಅದು ಒಡೆದು, ಅದರೊಳಗಿಂದ ದಾರದಂಥ ಹುಳ ಹೊರಗೆ ಬರುತ್ತೆ. ಎರಡು-ಮೂರು ಅಡಿ ಉದ್ದ. ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಅಂತ ಎಳೆಯಬೇಕು, ತುಂಡಾದರೆ ಕಾಲು ಕೀವು. ಬಿತ್ತನೆ ಹೊತ್ತಿಗೇ ಇದು ಬಂದರೆ ಆ ವರ್ಷದ ಬೆಳೆ ಹೋದಂತೆಯೇ.

ಹುಳ ಎಲ್ಲಿಂದ ಬರುತ್ತೆ ಅಂತ ಕಂಡುಹಿಡಿದವನು ರಷ್ಯದ ಅಲೆಕ್ಸೈ ಫೆಡ್‌ಚೆಂಕೊ, 1870ರಲ್ಲಿ, ತುರ್ಕಿಸ್ತಾನದಲ್ಲಿ. ನೀರಿನಲ್ಲಿ ಸೈಕ್ಲಾಪ್ಸ್ ಅಂತ ಒಂದು ಜೀವಿ ಇರುತ್ತೆ, ಒಂದೆರಡು ಮಿಲಿಮೀಟರ್ ಅಷ್ಟೇ. ಬಾವಿ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ಬಿಸಿಲಿಗೆ ಎತ್ತಿದರೆ ಕುಪ್ಪಳಿಸೋ ಬಿಳಿ ಚುಕ್ಕಿಗಳ ಹಾಗೆ ಕಾಣುತ್ತೆ. ನಾರುಹುಳದ ಮರಿಗಳನ್ನು ಅದು ತಿನ್ನುತ್ತೆ, ಅದನ್ನು ನಾವು ನೀರಿನ ಜೊತೆ ಕುಡಿಯುತ್ತೇವೆ, ಸುಮಾರು ಒಂದು ವರ್ಷದ ಮೇಲೆ ಕಾಲಿನಿಂದ ಹುಳ ಹೊರಗೆ ಬರುತ್ತೆ. ಆ ಕಾಲಿಟ್ಟುಕೊಂಡು ಮೆಟ್ಟಿಲು ಬಾವಿಗೆ ಇಳಿದರೆ ಮತ್ತೆ ನೀರಿಗೆ ಮರಿ. ಇಳಿದು ನೀರು ತುಂಬುವ ಮೆಟ್ಟಿಲು ಬಾವಿಗಳೇ ಇದರ ತವರುಮನೆ.

ಇಲ್ಲಿ ಕನ್ನಡನಾಡಿನ ಒಂದು ಕೆಲಸವನ್ನು ನೆನೆಯಲೇಬೇಕು. ಆಗಿನ ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಯಲ್ಲಿ 1930ರ ದಶಕದಲ್ಲಿ ವಿ. ಎನ್. ಮೂರ್ತಿ ಅನ್ನುವವರು ನಾರುಹುಣ್ಣಿನ ಬಗ್ಗೆ ವರ್ಷಗಟ್ಟಲೆ ಸಂಶೋಧನೆ ಮಾಡಿದರು. ಡಬ್ಲ್ಯೂ. ಸಿ. ಸ್ವೀಟ್ ಜೊತೆ ಸೇರಿ 1936ರಲ್ಲಿ ಅವರು ಪ್ರಕಟಿಸಿದ ಉಪಾಯ ಎಷ್ಟು ಸರಳ ನೋಡಿ: ಮೆಟ್ಟಿಲು ಬಾವಿಗೆ ಸೈಕ್ಲಾಪ್ಸ್ ತಿನ್ನುವ ಸಣ್ಣ ಮೀನು ಬಿಡೋದು! ಔಷಧಿ ಬೇಡ, ಯಂತ್ರ ಬೇಡ.

ದೇಶದ ಮಟ್ಟದಲ್ಲಿ ನಾರುಹುಣ್ಣು ನಿರ್ಮೂಲನ ಕಾರ್ಯಕ್ರಮ ಬಂದಿದ್ದು 1980ರ ದಶಕದ ಮೊದಲಲ್ಲಿ. 1984ರಲ್ಲಿ ಭಾರತದಲ್ಲಿ ಸುಮಾರು 40 ಸಾವಿರ ರೋಗಿಗಳಿದ್ದರು, ಕರ್ನಾಟಕದ ಉತ್ತರದ ಒಣ ಜಿಲ್ಲೆಗಳೂ ಆ ನಕ್ಷೆಯಲ್ಲಿದ್ದವು, ನಮ್ಮ ರಾಯಚೂರೂ ಇತ್ತು. ಕೆಲಸ ಮೂರೇ. ಮೆಟ್ಟಿಲು ಮುಚ್ಚಿ ಬಾವಿಯನ್ನು ಹಗ್ಗದಿಂದ ಸೇದುವ ಬಾವಿ ಮಾಡೋದು, ನೀರಿಗೆ ಟೆಮಿಫಾಸ್ ಔಷಧಿ ಹಾಕೋದು, ಮನೆಮನೆಯಲ್ಲೂ ನೀರು ಸೋಸಿ ಕುಡಿಯಿರಿ ಅಂತ ಹೇಳೋದು. ಕೊನೆಯ ರೋಗಿ ಸಿಕ್ಕಿದ್ದು 1996ರ ಜುಲೈನಲ್ಲಿ ರಾಜಸ್ಥಾನದಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತಕ್ಕೆ ನಾರುಹುಣ್ಣುಮುಕ್ತ ಅಂತ ಸರ್ಟಿಫಿಕೇಟ್ ಕೊಟ್ಟಿತು. ಲಸಿಕೆ ಇಲ್ಲದೆ, ಗುಳಿಗೆ ಇಲ್ಲದೆ, ಅರಿವೆಯ ತುಂಡೂ ಸೇರಿಕೊಂಡು ಒಂದು ರೋಗವನ್ನು ಓಡಿಸಿತು. ಇದು ನಮ್ಮ ಶಾಲೆಯ ಪಠ್ಯದಲ್ಲಿ ಯಾಕಿರಲಿಲ್ಲವೋ ಏನೋ.

ಅರಿವೆಯ ಮಹಿಮೆ ಅಲ್ಲಿಗೆ ಮುಗಿಯಲಿಲ್ಲ. ರೀಟಾ ಕೋಲ್ವೆಲ್ ಮತ್ತು ಸಂಗಡಿಗರು ಬಾಂಗ್ಲಾದೇಶದ ಮತ್ಲಬ್‌ನ 65 ಹಳ್ಳಿಗಳಲ್ಲಿ ಹಳೇ ಸೀರೆಯನ್ನು ಮಡಚಿ ನೀರು ಸೋಸಿಸಿದರು. 2003ರಲ್ಲಿ ಪ್ರಕಟವಾದ ಅವರ ಲೆಕ್ಕದಲ್ಲಿ ಕಾಲರಾ 48 ಶೇಕಡ ಇಳಿದಿತ್ತು. ಕಾಲರಾದ ಬ್ಯಾಕ್ಟೀರಿಯಾ ಬಟ್ಟೆಗೆ ಸಿಗದಷ್ಟು ಸಣ್ಣದು, ನಿಜ. ಆದರೆ ಅದು ಸವಾರಿ ಮಾಡೋದು ಸೈಕ್ಲಾಪ್ಸ್ ಜಾತಿಯ ಜೀವಿಗಳ ಮೈಮೇಲೆ. ಕುದುರೆ ಹಿಡಿದರೆ ಸವಾರನೂ ಸಿಕ್ಕ! ಹೊಸ ಸೀರೆಗಿಂತ ಒಗೆದು ಒಗೆದು ನೂಲು ಉಬ್ಬಿದ ಹಳೇ ಸೀರೆಯೇ ಮೇಲು ಅಂತಲೂ ಅವರು ಕಂಡುಕೊಂಡರು. ಹಾಗೆ ಮಡಚಿದ ಸೀರೆಯ ಕಣ್ಣು ಸುಮಾರು 20 ಮೈಕ್ರಾನ್.

ಈ 20 ಅನ್ನೋ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ. ಯಾಕಂದರೆ ಮನೆಯಲ್ಲಿ ಸಾಮಾನ್ಯವಾಗಿ ಕಾಣುವ ಆಸ್ಪರ್ಜಿಲಸ್ ಬೂಷ್ಟಿನ ಬೀಜಕಣ ಎರಡರಿಂದ ಮೂರೂವರೆ ಮೈಕ್ರಾನ್ ಅಷ್ಟೇ. ಸೀರೆಯಲ್ಲಿ ಸೋಸಿದರೆ ಅದು ಹೆಬ್ಬಾಗಿಲು ತೆರೆದಂತೆ ಹೊರಗೆ ಹೋಗುತ್ತೆ. ಅಂದರೆ ಮೊದಲನೇ ಪರೀಕ್ಷೆಯಲ್ಲಿ ಬೂಷ್ಟು ತಪ್ಪಿಸಿಕೊಂಡಿತು.

ಇನ್ನು ಎರಡನೇ ಪರೀಕ್ಷೆ. ಅದನ್ನು ಹುಟ್ಟಿಸಿದ್ದು ಕಾಲರಾ. ಲಂಡನ್ನಿನಲ್ಲಿ ಜಾನ್ ಸ್ನೋ 1854ರಲ್ಲಿ ಬ್ರಾಡ್ ಸ್ಟ್ರೀಟ್ ಪಂಪಿನ ನೀರೇ ಕಾಲರಾಕ್ಕೆ ಕಾರಣ ಅಂತ ತೋರಿಸಿದ, ಆದರೆ ನೀರಿನೊಳಗೆ ಏನಿದೆ ಅಂತ ತೋರಿಸೋಕೆ ಅವನ ಕೈಲಿ ಸಾಧನ ಇರಲಿಲ್ಲ. ಸಾಧನ ಕೊಟ್ಟಿದ್ದು ಜರ್ಮನಿಯ ರಾಬರ್ಟ್ ಕಾಕ್. ಗಟ್ಟಿಯಾದ ಜೆಲಟಿನ್ ಮೇಲೆ ಒಂದೊಂದು ಬ್ಯಾಕ್ಟೀರಿಯಾ ಒಂದೊಂದು ಚುಕ್ಕಿಯಾಗಿ ಬೆಳೆಯುವಂತೆ ಮಾಡಿದ, ಚುಕ್ಕಿ ಎಣಿಸಿದರೆ ನೀರಿನ ಲೆಕ್ಕ ಸಿಕ್ಕಿತು. 1884ರ ಮೊದಲಲ್ಲಿ ಕಲ್ಕತ್ತಾದ ಒಂದು ಕೆರೆಯ ನೀರಿನಲ್ಲೇ ಕಾಲರಾ ಬ್ಯಾಕ್ಟೀರಿಯಾ ಹಿಡಿದ. 1892ರಲ್ಲಿ ಎಲ್ಬೆ ನದಿಯ ನೀರನ್ನು ಸೋಸದೆ ಕುಡಿದ ಹ್ಯಾಂಬರ್ಗ್‌ನಲ್ಲಿ 8,600ಕ್ಕೂ ಹೆಚ್ಚು ಜನ ಕಾಲರಾದಿಂದ ಸತ್ತರು. ಅದೇ ನದಿಯ ನೀರನ್ನು ಮರಳಿನಲ್ಲಿ ಸೋಸಿ ಕುಡಿದ ಪಕ್ಕದ ಆಲ್ಟೋನಾ ಬಹುಮಟ್ಟಿಗೆ ಉಳಿದುಕೊಂಡಿತು. ಆಮೇಲೆ ಕಾಕ್ ಒಂದು ಮಿತಿ ಹಾಕಿದ: ಸೋಸಿದ ನೀರಿನ ಒಂದು ಮಿಲಿಲೀಟರಿನಲ್ಲಿ 100 ಚುಕ್ಕಿಗಿಂತ ಹೆಚ್ಚಿರಬಾರದು.

ಅದೇ ಹೊತ್ತಿಗೆ ನಮ್ಮ ದೇಶದಲ್ಲಿ ಆಗ್ರಾದ ಅರ್ನೆಸ್ಟ್ ಹ್ಯಾಂಕಿನ್ ಕಾಲರಾ ಬಂದ ಊರಿನ ಬಾವಿಗಳಿಗೆ ಪೊಟ್ಯಾಸಿಯಂ ಪರ್ಮಾಂಗನೇಟ್ ಹಾಕಿ ನೀರನ್ನು ಗುಲಾಬಿ ಮಾಡುವ ಪದ್ಧತಿಯನ್ನು ಹಬ್ಬಿಸಿದ. ಬೆಂಗಳೂರಿಗೆ 1895ರ ಸೆಪ್ಟೆಂಬರಿನಲ್ಲಿ ಕಾಲರಾ ತಡೆಯೋಕೆ ಅಂತ ಬಂದವನು ರೊನಾಲ್ಡ್ ರಾಸ್. ಎರಡು ವರ್ಷದ ಮೇಲೆ ಸಿಕಂದರಾಬಾದಿನಲ್ಲಿ ಮಲೇರಿಯಾ-ಸೊಳ್ಳೆ ಸಂಬಂಧ ಕಂಡುಹಿಡಿದನಲ್ಲ, ಅವನೇ. ಸಿಕಂದರಾಬಾದೂ ನಮ್ಮ ಮುದಗಲ್ಲೂ ಆಗ ಒಂದೇ ನಿಜಾಮರ ರಾಜ್ಯದಲ್ಲಿದ್ದವು. ನಮ್ಮ ಪಕ್ಕದ ಲಿಂಗಸೂಗೂರಿನಲ್ಲಿ ಸೈನ್ಯದ ಛಾವಣಿಯೇ ಇತ್ತು, 1905ರ ತನಕ ಅದು ಜಿಲ್ಲಾ ಕೇಂದ್ರವೂ ಆಗಿತ್ತು.

ಸರಿ, ಕಾಲರಾ ಬ್ಯಾಕ್ಟೀರಿಯಾವನ್ನೇ ಪ್ರತಿಸಲ ಹುಡುಕೋದು ಕಷ್ಟ. ಅದಕ್ಕೊಂದು ಅಡ್ಡದಾರಿ ಸಿಕ್ಕಿತು. ಥಿಯೊಡೋರ್ ಎಶರಿಶ್ 1885ರಲ್ಲಿ ಕೂಸುಗಳ ಮಲದಲ್ಲಿ ಒಂದು ಬ್ಯಾಕ್ಟೀರಿಯಾ ಕಂಡುಹಿಡಿದ. ಅದೇ ಈಗಿನ ಇ. ಕೋಲಿ. ಅದು ನೀರಿನಲ್ಲಿ ಸಿಕ್ಕಿತು ಅಂದರೆ ನೀರಿಗೆ ಮಲ ಸೇರಿದೆ ಅಂತ ಅರ್ಥ. ಮಲ ಸೇರಿದರೆ ಕಾಲರಾ, ಟೈಫಾಯಿಡ್ ಯಾವಾಗ ಬೇಕಾದರೂ ಬರಬಹುದು. ಕಳ್ಳನನ್ನು ಹುಡುಕೋ ಬದಲು ಕಳ್ಳನ ಹೆಜ್ಜೆ ಗುರುತು ಹುಡುಕಿದ ಹಾಗೆ. 1914ರಲ್ಲಿ ಅಮೆರಿಕ ತನ್ನ ಮೊದಲ ನೀರಿನ ಮಾನದಂಡವನ್ನು ಇದರ ಮೇಲೆ ಕಟ್ಟಿತು. ನಮ್ಮ ಐಎಸ್ 10500 ಬಂದಿದ್ದು 1983ರಲ್ಲಿ, 2012ರ ಎರಡನೇ ಪರಿಷ್ಕರಣೆಯಲ್ಲೂ ಸೂಕ್ಷ್ಮಜೀವಿಗಳ ಮುಖ್ಯ ಪರೀಕ್ಷೆ ಅದೇ: 100 ಮಿಲಿಲೀಟರಿನಲ್ಲಿ ಇ. ಕೋಲಿ ಇರಬಾರದು.

ಈ ಪರೀಕ್ಷೆ ಹಳ್ಳಿಗೆ ಇಳಿದ ಕಥೆ ಇನ್ನೂ ಚೆಂದ. ಗ್ವಾಲಿಯರ್‌ನ ರಕ್ಷಣಾ ಸಂಶೋಧನಾಲಯದ ಮಾಂಜಾ, ಮೌರ್ಯ, ರಾವ್ ಅನ್ನೋ ಮೂವರು 1982ರಲ್ಲಿ ಒಂದು ಬಾಟಲಿ ಪರೀಕ್ಷೆ ಪ್ರಕಟಿಸಿದರು. ಒಳಗೊಂದು ಔಷಧಿ ಹಚ್ಚಿದ ಕಾಗದ. ನೀರು ತುಂಬಿಸಿ ಬೆಚ್ಚಗೆ ಇಟ್ಟರೆ, ಮಲದ ಬ್ಯಾಕ್ಟೀರಿಯಾ ಇದ್ದಲ್ಲಿ ಹೈಡ್ರೋಜನ್ ಸಲ್ಫೈಡ್ ಅನಿಲ ಹುಟ್ಟಿ ನೀರು ಕಪ್ಪಾಗುತ್ತೆ. ಓದು ಬರಹ ಬಾರದವರೂ ಹೇಳಬಹುದು, ಕಪ್ಪಾದರೆ ಕೆಟ್ಟದ್ದು. 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್‌ನಲ್ಲಿ ಹಳ್ಳಿಗೆ ಐದು ಜನ ಹೆಂಗಸರಿಗೆ ನೀರು ಪರೀಕ್ಷೆಯ ಕಿಟ್ ಬಳಸೋದನ್ನು ಕಲಿಸುವ ಯೋಜನೆ ಬಂತು. ಅರಿವೆ ಹಿಡಿದು ನೋಡುತ್ತಿದ್ದ ಕೈಗೇ ಮತ್ತೆ ಕೆಲಸ ಬಂದ ಹಾಗಾಯಿತು ಅಂತ ನನಗೆ ಖುಷಿ. ಅಂದಹಾಗೆ, ಆ ಬಾಟಲಿ ಕಪ್ಪಾದರೆ ಅದು ಬೂಷ್ಟಲ್ಲ. ಬೂಷ್ಟಿಗೂ ಅದಕ್ಕೂ ಸಂಬಂಧವೇ ಇಲ್ಲ.

ಈಗ ದೊಡ್ಡಪ್ಪನ ಪ್ರಶ್ನೆಗೆ ಬರೋಣ. ಎರಡನೇ ಪರೀಕ್ಷೆಯಲ್ಲಿ ಬೂಷ್ಟು ಹೇಗೆ ತಪ್ಪಿಸಿಕೊಂಡಿತು?

ಬ್ಯಾಕ್ಟೀರಿಯಾ ತಟ್ಟೆಯನ್ನು ಇಡೋದು ನಮ್ಮ ಮೈಯ ಬಿಸಿಯಲ್ಲಿ, 35-37 ಡಿಗ್ರಿ. ಒಂದು ಅಥವಾ ಎರಡು ದಿನಕ್ಕೆ ಎಣಿಸಿ ಎಸೆಯುತ್ತಾರೆ. ನೀರಿನ ಬೂಷ್ಟುಗಳಲ್ಲಿ ಬಹಳಷ್ಟಕ್ಕೆ ಬೇಕಿರೋದು 25 ಡಿಗ್ರಿ ಹತ್ತಿರದ ತಂಪು ಮತ್ತು ಐದರಿಂದ ಏಳು ದಿನದ ಪುರುಸೊತ್ತು. ಅದು ಕಣ್ಣು ಬಿಡೋ ಹೊತ್ತಿಗೆ ತಟ್ಟೆ ಕಸದ ಬುಟ್ಟಿಯಲ್ಲಿರುತ್ತೆ. ಒಂದುವೇಳೆ ಬೆಳೆದರೂ ಅದನ್ನು ಗಾಳಿಯಿಂದ ಬಿದ್ದ ಕಸ ಅಂತ ಲೆಕ್ಕದಿಂದ ಬಿಡೋದೇ ರೂಢಿ. ಪ್ಯಾರಿಸ್ಸಿನ ಚರ್ಮವೈದ್ಯ ರೇಮಂಡ್ ಸಬೂರೋ 1890ರ ದಶಕದಲ್ಲೇ ಬೂಷ್ಟಿಗೆ ಅಂತ ಬೇರೆ ಆಹಾರ ಮಾಡಿಕೊಟ್ಟಿದ್ದ. ಸ್ವಲ್ಪ ಹುಳಿ, ಜಾಸ್ತಿ ಸಕ್ಕರೆ. ಬ್ಯಾಕ್ಟೀರಿಯಾಕ್ಕೆ ಹಿಡಿಸಲ್ಲ, ಬೂಷ್ಟಿಗೆ ಹಬ್ಬ. ಆದರೆ ಅದು ಚರ್ಮರೋಗದ ಕೋಣೆಯಲ್ಲಿ ಉಳಿಯಿತು, ನೀರಿನ ಲ್ಯಾಬಿನ ದಿನನಿತ್ಯದ ಪಟ್ಟಿಗೆ ಬರಲಿಲ್ಲ.

ಯಾಕೆ ಬರಲಿಲ್ಲ? ನನಗೆ ಅನ್ನಿಸೋ ಉತ್ತರ ಇಷ್ಟೇ. ವರದಿಯ ಒಂದೊಂದು ಸಾಲಿನ ಹಿಂದೆಯೂ ಒಂದು ಸ್ಮಶಾನ ಇದೆ. ಕೋಲಿಫಾರ್ಮ್ ಸಾಲಿನ ಹಿಂದೆ ಕಾಲರಾದಲ್ಲಿ ಸತ್ತವರಿದ್ದಾರೆ. ಫ್ಲೋರೈಡ್ ಸಾಲಿನ ಹಿಂದೆ ಮೂಳೆ ಸೊಟ್ಟಗಾದವರಿದ್ದಾರೆ. ಆರ್ಸೆನಿಕ್ ತೆಗೆದುಕೊಳ್ಳಿ: ನಮ್ಮ ಪಕ್ಕದ ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಲ್ಲಿ, ಹಳೇ ಚಿನ್ನದ ಗಣಿಯ ಹತ್ತಿರ, ಜನರ ಚರ್ಮದ ಮೇಲೆ ಗುರುತು ಮೂಡಿತ್ತು; ನೀರಿನಲ್ಲಿ ಆರ್ಸೆನಿಕ್ ಇರುವ ಬಗ್ಗೆ ವಿವರವಾದ ಸಂಶೋಧನೆ ಪ್ರಕಟವಾಗಿದ್ದು 2013ರಲ್ಲಿ. ಹುಡುಕಿದ ಮೇಲೆ ಸಿಕ್ಕಿತು. 2022ರ ಮೇ-ಜೂನ್‌ನಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಹಲವರು ಸತ್ತಾಗ ಇಡೀ ರಾಜ್ಯ ನಮ್ಮ ಜಿಲ್ಲೆಯ ನೀರಿನ ಕಡೆ ತಿರುಗಿ ನೋಡಿತು. ಬೂಷ್ಟು ಒಂದು ಊರಿಗೆ ಊರನ್ನೇ ಮಲಗಿಸಲಿಲ್ಲ. ಅದು ಹಿಡಿಯೋದು ಒಬ್ಬೊಬ್ಬರನ್ನು, ಅದೂ ಮೊದಲೇ ಸೋತವರನ್ನು. ಹಾಗಾಗಿ ಅದಕ್ಕೆ ಕಾಲಂ ಹುಟ್ಟಲಿಲ್ಲ.

ನಾನು ಹೊಟ್ಟೆಪಾಡಿಗೆ ಸಾಫ್ಟ್‌ವೇರ್ ಬರೆಯೋನು. ನಮ್ಮಲ್ಲಿ ಇದು ದಿನಾ ನೋಡೋ ಸಂಗತಿ. ನೂರು ಟೆಸ್ಟ್ ಕೇಸ್ ಪಾಸಾದರೆ ಆ ನೂರು ಪ್ರಶ್ನೆಗೆ ಉತ್ತರ ಸರಿ ಇದೆ ಅಂತ ಅರ್ಥವೇ ಹೊರತು ಪ್ರೋಗ್ರಾಂ ಸರಿ ಇದೆ ಅಂತಲ್ಲ. ಯಾರೂ ಬರೆಯದ ನೂರಾ ಒಂದನೇ ಟೆಸ್ಟ್ ಯಾವತ್ತೂ ಫೇಲ್ ಆಗೋದಿಲ್ಲ! "ಕುಡಿಯಲು ಯೋಗ್ಯ" ಅನ್ನೋದನ್ನೂ ಹಾಗೇ ಓದಬೇಕು.

ಕೇಳಿದವರಿಗೆ ಉತ್ತರ ಸಿಕ್ಕಿದ ಉದಾಹರಣೆಗಳೂ ಇವೆ. ಅಮೆರಿಕದ ಆರ್ಕನ್ಸಾಸ್‌ನಲ್ಲಿ ಎಲಿಯಾಸ್ ಅನೈಸಿ ಮತ್ತು ಸಂಗಡಿಗರು ಕ್ಯಾನ್ಸರ್ ರೋಗಿಗಳಿದ್ದ ಆಸ್ಪತ್ರೆಯ ನೀರಿನ ವ್ಯವಸ್ಥೆಯಲ್ಲೇ ಫ್ಯುಸೇರಿಯಮ್, ಆಸ್ಪರ್ಜಿಲಸ್ ಬೂಷ್ಟುಗಳನ್ನು ಹಿಡಿದು 2001-02ರಲ್ಲಿ ಪ್ರಕಟಿಸಿದರು. ಅದರಲ್ಲಿ ನನಗೆ ಹೊಸದು ಅನ್ನಿಸಿದ್ದು ಏನಂದರೆ, ಅಪಾಯ ಕುಡಿಯೋದರಲ್ಲಿ ಮಾತ್ರ ಇಲ್ಲ. ಶವರ್ ಬಿಟ್ಟಾಗ ನೀರಿನ ಬೀಜಕಣ ಗಾಳಿಗೆ ಹಾರುತ್ತೆ, ಉಸಿರಿನ ಜೊತೆ ಒಳಗೆ ಹೋಗುತ್ತೆ. ಬಚ್ಚಲನ್ನು ಚೆನ್ನಾಗಿ ತೊಳೆದಾಗ ಗಾಳಿಯಲ್ಲಿನ ಬೂಷ್ಟು ಕಡಿಮೆಯಾಯಿತು ಅಂತಲೂ ಅವರು ತೋರಿಸಿದರು. ಸ್ವೀಡನ್ ದೇಶ 2001ರ ತನ್ನ ಕುಡಿಯುವ ನೀರಿನ ನಿಯಮದಲ್ಲಿ ಸೂಕ್ಷ್ಮ ಶಿಲೀಂಧ್ರಕ್ಕೆ ಅಂತಲೇ ಒಂದು ಸಂಖ್ಯೆ ಹಾಕಿತು: 100 ಮಿಲಿಲೀಟರಿಗೆ 100. ನಮ್ಮಲ್ಲಿ 2021ರಲ್ಲಿ ಕೋವಿಡ್ ಬೆನ್ನಿಗೇ ಬ್ಲ್ಯಾಕ್ ಫಂಗಸ್ ಬಂದಾಗ, ಆಮ್ಲಜನಕ ಕೊಡುವ ಯಂತ್ರದ ಬಾಟಲಿಗೆ ಶುದ್ಧವಾದ, ಸೂಕ್ಷ್ಮಾಣುಮುಕ್ತ ನೀರನ್ನೇ ಹಾಕಿ ಅಂತ ಐಸಿಎಂಆರ್ ಸಲಹೆ ಕೊಟ್ಟಿದ್ದು ನಿಮಗೆ ನೆನಪಿರಬಹುದು. ನೀರು ಮತ್ತು ಬೂಷ್ಟು ಅನ್ನೋ ಎರಡು ಪದ ನಮ್ಮ ಕಡೆ ಮನೆಮನೆಯಲ್ಲೂ ಒಟ್ಟಿಗೆ ಕೇಳಿಸಿದ್ದು ಬಹುಶಃ ಆಗಲೇ.

ಇನ್ನೊಂದು ತಮಾಷೆ ಕೇಳಿ. ನಮ್ಮ ದೇಶದಲ್ಲೂ ನೀರಿನ ಬೂಷ್ಟಿಗೆ ಕಾಲಂ ಇದೆ, ಆದರೆ ಬಾಟಲಿ ನೀರಿಗೆ ಮಾತ್ರ! ಪ್ಯಾಕ್ ಮಾಡಿದ ಕುಡಿಯುವ ನೀರಿನ ಮಾನದಂಡ ಐಎಸ್ 14543ರ 2016ರ ಆವೃತ್ತಿ ತೆಗೆದು ನೋಡಿ, 250 ಮಿಲಿಲೀಟರಿನಲ್ಲಿ ಯೀಸ್ಟ್ ಮತ್ತು ಬೂಷ್ಟು ಇರಲೇಬಾರದು ಅಂತ ಇದೆ. ಮೊಹರು ಹಾಕಿದ ಬಾಟಲಿ ಅಂಗಡಿಯಲ್ಲಿ ತಿಂಗಳುಗಟ್ಟಲೆ ಕೂತಿರುತ್ತೆ, ಒಳಗೆ ಬೂಷ್ಟು ತೇಲಿದರೆ ಗಿರಾಕಿ ಕಣ್ಣಿಗೆ ಬೀಳುತ್ತೆ ಅನ್ನೋ ಕಾರಣ ಇದ್ದರೂ ಇರಬಹುದು. ಆದರೆ ಮಾಳಿಗೆ ಮೇಲಿನ ಟ್ಯಾಂಕಿನಲ್ಲೂ ನೀರು ಕೂತೇ ಇರುತ್ತಲ್ಲ ಸ್ವಾಮಿ?

ಆ ದಾರಿಯಲ್ಲೇ ನಮಗೂ ಬಾಗಿಲು ತೆರೆಯಿತು. ಬಾಟಲಿ ನೀರು ಪರೀಕ್ಷೆ ಮಾಡುವ ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಕೇಳಿದಾಗ, ಮನೆ ನೀರಿಗೂ ಅದೇ ಪರೀಕ್ಷೆ ಮಾಡಿಕೊಡ್ತೀವಿ ಅಂದರು. ಅವರೇ ಕೊಟ್ಟ ಕ್ರಿಮಿಶುದ್ಧ ಬಾಟಲಿಗಳಲ್ಲಿ ಮೂರು ನೀರು ತುಂಬಿದೆವು: ಬೀದಿಯ ನಳದಿಂದ ನೇರವಾಗಿ, ಟ್ಯಾಂಕಿನಿಂದ ಇಳಿದು ಅಡುಗೆಮನೆಗೆ ಬರುವ ನಲ್ಲಿಯಿಂದ, ಮತ್ತೆ ಕುದಿಸಿ ಮುಚ್ಚಿಟ್ಟು ಆರಿಸಿದ್ದು. ಸಂಜೆ ತುಂಬಿ, ಐಸ್ ಡಬ್ಬಿಯಲ್ಲಿಟ್ಟು, ರಾತ್ರಿ ಬಸ್ಸಿಗೆ ಬೆಂಗಳೂರು. ಲ್ಯಾಬಿನವರು ನೀರನ್ನು 0.45 ಮೈಕ್ರಾನಿನ ಪೊರೆಯಲ್ಲಿ ಸೋಸಿದರು. ನೋಡಿ, ಮತ್ತೆ ಅರಿವೆಯೇ, ಕಣ್ಣು ಮಾತ್ರ ಸೀರೆಗಿಂತ ನಲವತ್ತು ಪಟ್ಟು ಸಣ್ಣದು! ಪೊರೆಯನ್ನು ಬೂಷ್ಟಿನ ಆಹಾರದ ಮೇಲೆ ಇಟ್ಟು, ಬ್ಯಾಕ್ಟೀರಿಯಾ ಬೆಳೆಯದ ಹಾಗೆ ಆ್ಯಂಟಿಬಯೋಟಿಕ್ ಬೆರೆಸಿ, ವಾರ ಕಾದರು.

ಬೀದಿ ನಳದ ನೀರಿನ ತಟ್ಟೆಯಲ್ಲಿ ಬೆರಳೆಣಿಕೆಯಷ್ಟು ಚುಕ್ಕಿ. ಕುದಿಸಿದ್ದರಲ್ಲಿ ಏನೂ ಇಲ್ಲ. ಟ್ಯಾಂಕಿನ ನೀರಿನ ತಟ್ಟೆ ಹಸಿರು, ಬೂದಿ, ಕಪ್ಪು ಹತ್ತಿಯ ಹಾಗೆ ತುಂಬಿ ಹೋಗಿತ್ತು. ವರದಿಯಲ್ಲಿ ಮೂರೂ ಸಂಖ್ಯೆ ಬರೆದು, ಪಕ್ಕದ "ಮಿತಿ" ಅನ್ನೋ ಕಾಲಂನಲ್ಲಿ ಒಂದು ಗೀಟು ಎಳೆದಿದ್ದರು. ಮನೆ ನೀರಿಗೆ ಮಿತಿಯೇ ಇಲ್ಲವಲ್ಲ! ಆದರೆ ಮೂರು ತಟ್ಟೆ ಪಕ್ಕಪಕ್ಕ ಇಟ್ಟರೆ ಮಿತಿ ಬೇಕಾಗೋದಿಲ್ಲ. ಬೂಷ್ಟು ನಳದಿಂದ ಬರುತ್ತಿಲ್ಲ, ನಮ್ಮ ಟ್ಯಾಂಕಿನಲ್ಲೇ ಬೆಳೀತಿದೆ ಅಂತ ಅದು ನೇರ ಹೇಳಿತು. ಮುಚ್ಚಳ ಬದಲಾಯಿತು, ಟ್ಯಾಂಕು ಉಜ್ಜಿ ತೊಳೆದು ಬ್ಲೀಚಿಂಗ್ ಪೌಡರ್ ಹಾಕಿ ಖಾಲಿ ಮಾಡಿದೆವು. ದೊಡ್ಡಪ್ಪನಿಗೆ ಕುಡಿಯೋಕೆ, ಬಾಯಿ ಮುಕ್ಕಳಿಸೋಕೆ ಕುದಿಸಿದ ನೀರೇ ಅಂತ ಡಾಕ್ಟರು ಹೇಳಿದರು. ದೊಡ್ಡಮ್ಮ "ಇಷ್ಟ ಹೇಳಾಕ ಬೆಂಗಳೂರ ತನಕ ಹೋಗಬೇಕಾತೇನು" ಅಂದಳು, ಅದು ಬೇರೆ ಮಾತು :-)

ನೀವೂ ನೋಡಬೇಕು ಅಂತಿದ್ದರೆ ಕೆಲವು ಮಾತು. ಹಸಿರಾಗಿರೋದು ಹೆಚ್ಚಾಗಿ ಬೂಷ್ಟಲ್ಲ, ಪಾಚಿ; ಪಾಚಿಗೆ ಬೆಳಕು ಬೇಕು, ಬೂಷ್ಟಿಗೆ ಬೇಡ. ಬಚ್ಚಲಲ್ಲಿ ಗುಲಾಬಿ ಬಣ್ಣದ ಲೋಳೆ ಕಂಡರೆ ಅದು ಹೆಚ್ಚಾಗಿ ಬ್ಯಾಕ್ಟೀರಿಯಾ. ಪಾತ್ರೆಯಲ್ಲಿ ಬಿಳಿ ಹೊಪ್ಪಳೆ ಕೂತರೆ ಅದು ಗಡಸು ನೀರಿನ ಸುಣ್ಣ. ಮಳೆ ಬಿದ್ದ ಮಣ್ಣಿನ ವಾಸನೆ ನೀರಿಗೆ ಬಂದರೆ ಅದು ಜಿಯೋಸ್ಮಿನ್ ಅನ್ನೋ ಪದಾರ್ಥ, ಅದನ್ನು ಹೆಚ್ಚಾಗಿ ತಯಾರಿಸೋದು ಆಕ್ಟಿನೊಮೈಸೀಟ್ ಬ್ಯಾಕ್ಟೀರಿಯಾ ಮತ್ತು ನೀಲಿ-ಹಸಿರು ಪಾಚಿ. ಮುಚ್ಚಳದ ಒಳಮೈ, ನಲ್ಲಿಯ ತುದಿಯ ರಬ್ಬರು, 20 ಲೀಟರ್ ಕ್ಯಾನಿನ ಬಾಯಿ, ಹರವಿಯ ಕಂಠ ಇವು ಬೂಷ್ಟಿನ ಮೆಚ್ಚಿನ ಜಾಗಗಳು. ತೆರೆದಿಟ್ಟು ಕಾಯುವ ಮನೆ ಕಿಟ್‌ಗಳನ್ನು ಕಣ್ಣುಮುಚ್ಚಿ ನಂಬಬೇಡಿ. ಬೀಜಕಣ ಗಾಳಿಯಲ್ಲಿ ಎಲ್ಲೆಲ್ಲೂ ಇರುತ್ತೆ, ಗಾಳಿಯದ್ದು ಬಿದ್ದು ಬೆಳೆದರೂ ನೀರಿನದು ಅನ್ನಿಸುತ್ತೆ. ಅದಕ್ಕೇ ಕುದಿಸಿ ಆರಿಸಿದ ನೀರನ್ನೂ ಜೊತೆಗೆ ಪರೀಕ್ಷೆಗೆ ಇಡಬೇಕು. ಬ್ಯಾಕ್ಟೀರಿಯಾ ಸಾಯುವಷ್ಟು ಕ್ಲೋರಿನ್‌ಗೆ ಬೂಷ್ಟಿನ ಬೀಜಕಣ ಎಷ್ಟೋ ಸಲ ಸಾಯೋದಿಲ್ಲ, ಆದ್ದರಿಂದ "ಕೋಲಿಫಾರ್ಮ್ ಇಲ್ಲ" ಅಂದರೆ "ಬೂಷ್ಟಿಲ್ಲ" ಅಂತ ಓದಬೇಡಿ. ಆರೋಗ್ಯವಾಗಿರೋರು ಹೆದರಿ ನಿದ್ದೆಗೆಡೋದೂ ಬೇಡ. ಮನೆಯಲ್ಲಿ ಅಂಗಾಂಗ ಕಸಿ ಆದವರು, ಕೀಮೋ ತಗೊಳ್ಳೋರು ಇದ್ದರೆ ಮಾತ್ರ ಈ ಪ್ರಶ್ನೆಯನ್ನು ನೀವೇ ಬಾಯಿಬಿಟ್ಟು ಕೇಳಬೇಕು. ಫಾರಂನಲ್ಲಿ ಅದು ಅಚ್ಚಾಗಿರೋದಿಲ್ಲ.

ನಾರುಹುಣ್ಣಿನ ಕಾಲದಲ್ಲಿ ನೋಡಬೇಕಾದ್ದು ಅರಿವೆ ಮೇಲೆ ಕುಣಿಯುತ್ತಿತ್ತು, ಕಾಲರಾದ ಕಾಲದಲ್ಲಿ ತಟ್ಟೆಯ ಮೇಲೆ ಒಂದೇ ರಾತ್ರಿಯಲ್ಲಿ ಬೆಳೆಯುತ್ತಿತ್ತು. ಬೂಷ್ಟು ಒಂದು ವಾರ ಕಾಯಿಸುತ್ತೆ, ಅಷ್ಟೇ ವ್ಯತ್ಯಾಸ.

ನಿಮ್ಮ ಊರಿನಲ್ಲಿ ಬೂಷ್ಟಿಗೆ, ನಾರುಹುಣ್ಣಿಗೆ ಏನಂತಾರೆ? ಮೆಟ್ಟಿಲು ಬಾವಿ ಮುಚ್ಚಿ ಸೇದೋ ಬಾವಿ ಮಾಡಿದ್ದನ್ನು ನೋಡಿದವರು ನಿಮ್ಮ ಮನೆಯಲ್ಲಿ ಇನ್ನೂ ಇದ್ದಾರಾ? ಇದ್ದರೆ ಕೇಳಿ ಬರೆದಿಡಿ, ನನಗೂ ತಿಳಿಸಿ. ಆ ತಲೆಮಾರಿನವರು ಈಗ ಬಹಳ ಜನ ಉಳಿದಿಲ್ಲ.